ಸಕ್ಕರೆ ಕಾಯಿಲೆ ಸಂಶೋಧನೆಗೆ ದುಡ್ಡು ಯಾರದು? ನಾನು ಲೆಕ್ಕ ಹಾಕಿದ ಬಗೆ

ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಕೆಲಸ. ಸಕ್ಕರೆ ಕಾಯಿಲೆ ಬಗ್ಗೆ ನಮ್ಮ ದೇಶದಿಂದ ವರ್ಷಕ್ಕೆ ಎಷ್ಟು ಸಂಶೋಧನಾ ಲೇಖನ ಬರುತ್ತಿವೆ, ಅವಕ್ಕೆ ದುಡ್ಡು ಕೊಡುವವರು ಯಾರು ಅಂತ ಹುಡುಕಲು ಕೂತೆ.

ಲೇಖನ ಎಣಿಸಲು ಪಬ್‌ಮೆಡ್ ಎಂಬ ವೈದ್ಯಕೀಯ ಲೇಖನಗಳ ಆನ್‌ಲೈನ್ ಪಟ್ಟಿ ಸಾಕು, ಉಚಿತ. ಸುಮ್ನೆ ‘ಡಯಾಬಿಟಿಸ್’ ಅಂತ ಹಾಕಿದರೆ ಡಯಾಬಿಟಿಸ್ ಇನ್ಸಿಪಿಡಸ್ ಕೂಡ ಬರುತ್ತದೆ. ಅದಕ್ಕೂ ರಕ್ತದ ಸಕ್ಕರೆಗೂ ಸಂಬಂಧವಿಲ್ಲ. ಹಾಗಾಗಿ ‘ಡಯಾಬಿಟಿಸ್ ಮೆಲಿಟಸ್’ ಎಂಬ ಮೆಶ್ ಪದ (ಲೇಖನಗಳಿಗೆ ಪಬ್‌ಮೆಡ್‌ನಲ್ಲಿ ಹಚ್ಚುವ ವಿಷಯದ ಹೆಸರು) ಹಾಕಿ, ಲೇಖಕರ ವಿಳಾಸದಲ್ಲಿ ಇಂಡಿಯಾ ಇರುವುದನ್ನು ಆರಿಸಿಕೊಂಡೆ. ಇಲ್ಲೊಂದು ಎಚ್ಚರ ಬೇಕು. 2014ಕ್ಕೆ ಮುಂಚೆ ಪಬ್‌ಮೆಡ್‌ನಲ್ಲಿ ಸಾಮಾನ್ಯವಾಗಿ ಮೊದಲ ಲೇಖಕರ ವಿಳಾಸ ಮಾತ್ರ ಇರುತ್ತಿತ್ತು, ಆಮೇಲೆ ಎಲ್ಲರದ್ದೂ ಸೇರಿತು. ಗ್ರಾಫ್ ಏರಿದ್ದೆಲ್ಲ ಸಂಶೋಧನೆ ಜಾಸ್ತಿಯಾಗಿದ್ದರಿಂದಲೇ ಅಲ್ಲ.

ದುಡ್ಡಿನ ಲೆಕ್ಕವೇ ಕಷ್ಟ. ಪಬ್‌ಮೆಡ್‌ನಲ್ಲಿ ‘ರಿಸರ್ಚ್ ಸಪೋರ್ಟ್, ನಾನ್-ಯು.ಎಸ್. ಗವರ್ನಮೆಂಟ್’ (ಅಮೆರಿಕ ಸರ್ಕಾರದ್ದಲ್ಲದ ನೆರವು) ಎಂಬ ಗುರುತಿದೆ. ನಮ್ಮ ಸರ್ಕಾರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಕೊಟ್ಟ ಅನುದಾನವೂ ಅದರಡಿ, ಔಷಧ ಕಂಪನಿ ಕೊಟ್ಟದ್ದೂ ಅದರಡಿ! ನಮಗೆ ಬೇಕಾದದ್ದೇ ಈ ವ್ಯತ್ಯಾಸ, ಅಲ್ವಾ? ಬೇರೆ ದಾರಿಯಿಲ್ಲದೆ ಒಂದೊಂದೇ ಲೇಖನ ತೆರೆದು, ಕೊನೆಯ ಪುಟದಲ್ಲಿ ಕೃತಜ್ಞತೆಯ ಸಾಲು ಓದಿದೆ. ನಮ್ಮ ಜರ್ನಲ್‌ಗಳಲ್ಲಿ ಮತ್ತೆ ಮತ್ತೆ ಸಿಗುವುದು ‘ಸೋರ್ಸ್ ಆಫ್ ಸಪೋರ್ಟ್: ನಿಲ್’. ಅಂದರೆ ಖರ್ಚೇ ಆಗಿಲ್ಲ ಅಂತಲ್ಲ. ಪಿಜಿ ವಿದ್ಯಾರ್ಥಿಗಳು ಸ್ವಂತ ದುಡ್ಡಲ್ಲಿ ಟೆಸ್ಟ್ ಸ್ಟ್ರಿಪ್ ಕೊಂಡು ಥೀಸಿಸ್ ಮುಗಿಸುವುದನ್ನು ನಾನು ನೋಡಿದ್ದೇನೆ. ಅದಕ್ಕೇ ‘ನಿಲ್’ ಅಂದವರಿಗೆ ಒಂದು ಕಾಲಂ, ಏನೂ ಹೇಳದವರಿಗೆ ಇನ್ನೊಂದು ಕಾಲಂ ಮಾಡಿದೆ. ಸಂಸ್ಥೆಗಳ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. ಅವನ್ನು ಒಟ್ಟುಗೂಡಿಸಲು ಓಪನ್‌ರಿಫೈನ್ ಎಂಬ ತಂತ್ರಾಂಶ ನೆರವಾಯಿತು.

ಮದ್ದಿನ ಪ್ರಯೋಗಗಳ ಲೆಕ್ಕಕ್ಕೆ ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ, ಇನ್ನೂ ಒಳ್ಳೆಯದು. 2009ರಿಂದ ನೋಂದಣಿ ಕಡ್ಡಾಯ. ಪ್ರಾಯೋಜಕರು ಔಷಧ ಕಂಪನಿಯೋ ಸರ್ಕಾರವೋ ಅಂತ ಅಲ್ಲೇ ನಮೂದಾಗಿರುತ್ತದೆ.

ಸರ್ಕಾರದ ದುಡ್ಡಿನಿಂದ ಏನಾಗುತ್ತದೆ ಅನ್ನುವುದಕ್ಕೆ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ನೋಡಿ. ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ಎಂಬ 2023ರ ಅಂದಾಜು ಬಂದದ್ದು ಅದರಿಂದಲೇ. ಹೊಸ್ತಿಲಲ್ಲಿರುವವರಿಗೆ ಬೇಕಾದದ್ದು ಊಟ, ನಡಿಗೆ ಕುರಿತ ಅಧ್ಯಯನ. ಮಾರಲು ಏನೂ ಇಲ್ಲದ ಕಡೆ ಕಂಪನಿ ಯಾಕೆ ದುಡ್ಡು ಹಾಕುತ್ತದೆ? ಅಲ್ಲಿಗೆ ಸರ್ಕಾರವೇ ಕೊಡಬೇಕು. ಎಷ್ಟು ಕೊಡುತ್ತಿದೆ ಎಂದು ತಿಳಿಯಲು ಈಗ ಇನ್ನೊಂದು ಕಾಲಂ ಸೇರಿಸಿದ್ದೇನೆ: ಅಧ್ಯಯನ ಮದ್ದಿನದ್ದೋ, ಊಟ-ನಡಿಗೆಯದ್ದೋ ಅಂತ.