ಓಡಿಸೋಕೆ ಒಂದು ತಿಂಗಳು, ನಿಲ್ಲಿಸೋಕೆ ಎರಡು ವರ್ಷ

ನಮ್ಮ ಹೊಲ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಹತ್ತಿರ. ಎರಿ ಭೂಮಿ. ನೀರಿದ್ದ ಕಡೆ ಕಬ್ಬು, ಇಲ್ಲದ ಕಡೆ ಹಿಂಗಾರಿಗೆ ಬಿಳಿಜೋಳ, ಕಡಲೆ. ನಾನು ಡಿಪ್ಲೊಮಾ ಓದಿ ಮುಧೋಳದಲ್ಲಿ ಪಂಪ್‌ಸೆಟ್ ಮೋಟರ್, ಸ್ಟಾರ್ಟರ್ ರಿಪೇರಿ ಮಾಡುವವನು. ಅರ್ಧ ದಿನ ಅಂಗಡಿ, ಅರ್ಧ ದಿನ ಹೊಲ.

ಡ್ರೈವರ್ ಇಲ್ಲದ ಟ್ರ್ಯಾಕ್ಟರ್ ಮಾಡಬೇಕು ಅನ್ನೋ ಹುಚ್ಚು ಸುಮ್ನೆ ಹತ್ತಿದ್ದಲ್ಲ. ನಮ್ಮ ಸೀಮೆಯಲ್ಲಿ ಸಕ್ಕರೆ ಫ್ಯಾಕ್ಟರಿ ಶುರುವಾದವು ಅಂದರೆ ಡ್ರೈವರ್‌ಗಳು ಮಾಯ. ಎರಡು ಡಬ್ಬಿ ಕಬ್ಬು ಎಳೆದರೆ ಬರೋ ದುಡ್ಡು ಜೋಳಕ್ಕೆ ಎಡೆ ಹೊಡೆದರೆ, ಅಂದರೆ ಸಾಲಿನ ನಡುವೆ ಕುಂಟೆ ಹಾಯಿಸಿ ಕಸ ತೆಗೆದರೆ, ಬರುತ್ತದಾ? ಜೋಳಕ್ಕೆ ಎಡೆ ಹೊಡೆಯಬೇಕಾದದ್ದೂ ಸರಿಯಾಗಿ ಅದೇ ಹೊತ್ತಿಗೆ, ನವೆಂಬರ್ ಮೊದಲ ವಾರ. ಒಂದು ವರ್ಷ ಅಂತೂ ಹದಿನೈದು ದಿನ ಡ್ರೈವರ್‌ಗೆ ಕಾದೆ. ಅಷ್ಟರಲ್ಲಿ ನೆಲ ಬಾಯಿ ಬಿಟ್ಟಿತ್ತು, ಕಸ ಜೋಳಕ್ಕಿಂತ ಎತ್ತರ ಇತ್ತು.

ಇಂಥದ್ದನ್ನು ರೈತರೇ ಮಾಡಿಕೊಂಡಿದ್ದಾರೆ ಅಂತ ಆಗಲೇ ಗೊತ್ತಾಗಿದ್ದು. ಕೆನಡಾದ ಮ್ಯಾನಿಟೋಬಾದಲ್ಲಿ ಮ್ಯಾಟ್ ರೈಮರ್ ಅನ್ನುವ ರೈತ 2015ರಲ್ಲೇ ಡ್ರೋನ್‌ಗೆ ಹಾಕುವ ಬೋರ್ಡನ್ನು ಟ್ರ್ಯಾಕ್ಟರ್‌ಗೆ ಹಾಕಿ, ಕಟಾವು ಯಂತ್ರದ ಪಕ್ಕದಲ್ಲಿ ಕಾಳು ತುಂಬಿಸಿಕೊಳ್ಳೋಕೆ ಡ್ರೈವರ್ ಇಲ್ಲದೆ ಓಡಿಸಿದ್ದ. ಅದೇ ದೇಶದ ಆಲ್ಬರ್ಟಾದ ಇನ್ನೊಬ್ಬ ರೈತ ಬ್ರಯಾನ್ ಟಿಶ್ಲರ್ ಶುರುಮಾಡಿದ ಆಗ್‌ಓಪನ್‌ಜಿಪಿಎಸ್ ಅನ್ನೋ, ಜಿಪಿಎಸ್ ನೋಡಿ ಸ್ಟೀರಿಂಗ್ ತಿರುಗಿಸುವ ಸಾಫ್ಟ್‌ವೇರ್ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅಲ್ಲಿಯ ಹೊಲದ ಲೆಕ್ಕ ಶುರುವಾಗೋದೇ 160 ಎಕರೆಯ ತುಂಡಿನಿಂದ. ನನ್ನದು ನಾಲ್ಕೂವರೆ ಎಕರೆ, ಮೂರು ಕಡೆ ಒಡ್ಡು, ನಾಲ್ಕನೇ ಕಡೆ ಬಾಜೂ ಹೊಲದವರ ತೊಗರಿ. ಈ ಫರಕು ಎಷ್ಟು ದೊಡ್ಡದು ಅಂತ ಆಗ ತಲೆಗೆ ಹೋಗಲಿಲ್ಲ.

ನನ್ನ ಹತ್ತಿರ ಇದ್ದದ್ದು ಹಳೇ ಮಿನಿ ಟ್ರ್ಯಾಕ್ಟರ್. ಪವರ್ ಸ್ಟೀರಿಂಗ್ ಇಲ್ಲ. ಮೊದಲು ಗುಜರಿಯಿಂದ ಕಾರಿನ ವೈಪರ್ ಮೋಟರ್ ತಂದು, ಸೈಕಲ್ ಚೈನ್ ಹಾಕಿ ಸ್ಟೀರಿಂಗಿಗೆ ಜೋಡಿಸಿದೆ. ತಿರುಗಿತು. ಖುಷಿಯೂ ಆಯಿತು. ಆದರೆ ಆ ಮೋಟರಿನೊಳಗೆ ಇರೋದು ವರ್ಮ್ ಗೇರ್. ಮೋಟರ್ ಸ್ಟೀರಿಂಗನ್ನು ತಿರುಗಿಸಬಲ್ಲದು, ಸ್ಟೀರಿಂಗ್ ಹಿಡಿದು ನಾವು ಮೋಟರನ್ನು ತಿರುಗಿಸೋಕೆ ಆಗೋದಿಲ್ಲ. ಒಡ್ಡು ಹತ್ತಿರ ಬಂತು, ಕೈಯಿಂದ ತಿರುವಲು ಹೋದೆ, ಕಬ್ಬಿಣದ ಕಂಬ ಹಿಡಿದ ಹಾಗೆ ಇತ್ತು. ಕ್ಲಚ್ ಒತ್ತಿ ಬಚಾವಾದೆ. ಮನುಷ್ಯ ಕೈ ಹಾಕಿದರೆ ಬಿಟ್ಟುಕೊಡುವ ಮೋಟರ್ ಬೇಕು ಅನ್ನೋ ಪಾಠ ಅಲ್ಲಿಗೆ ಆಯಿತು. ಆಮೇಲೆ ರಬ್ಬರ್ ಚಕ್ರ ಒತ್ತಿಕೊಂಡು ತಿರುಗಿಸುವ ಬೇರೆ ಮೋಟರ್ ಹಾಕಿದೆ. ಜೋರಾಗಿ ಹಿಡಿದರೆ ಜಾರುತ್ತದೆ.

ದಾರಿ ತೋರಿಸೋದು ಜಿಪಿಎಸ್. ಮೊಬೈಲಿನಲ್ಲಿರುವ ಜಿಪಿಎಸ್ ಎರಡು ಮೂರು ಮೀಟರ್ ಆಚೀಚೆ ಹೇಳುತ್ತದೆ. ಜೋಳದ ಸಾಲಿಗೂ ಸಾಲಿಗೂ ಇರೋದು 45 ಸೆಂ.ಮೀ., ನಮ್ಮ ಲೆಕ್ಕದಲ್ಲಿ ಎರಡು ಗೇಣು. ಹಾಗಾಗಿ ಆರ್‌ಟಿಕೆ ಬೇಕು. ಒಂದು ರಿಸೀವರನ್ನು ಕದಲದ ಜಾಗದಲ್ಲಿ ಇಡಬೇಕು, ಅದಕ್ಕೆ ತಾನು ಎಲ್ಲಿದ್ದೇನೆ ಅನ್ನೋದು ಪಕ್ಕಾ ಗೊತ್ತಿರಬೇಕು. ಉಪಗ್ರಹ ಹೇಳಿದ್ದಕ್ಕೂ ತನಗೆ ಗೊತ್ತಿದ್ದಕ್ಕೂ ಎಷ್ಟು ವ್ಯತ್ಯಾಸ ಅಂತ ಟ್ರ್ಯಾಕ್ಟರ್ ಮೇಲಿನ ರಿಸೀವರಿಗೆ ತಿಳಿಸುತ್ತಲೇ ಇರುತ್ತದೆ. ಹೀಗೆ ಮಾಡಿದರೆ ತಪ್ಪು ಒಂದೆರಡು ಸೆಂಟಿಮೀಟರಿಗೆ ಇಳಿಯುತ್ತದೆ. ಸರ್ವೇ ಆಫ್ ಇಂಡಿಯಾ ಇಂಥದ್ದೇ ಕದಲದ ರಿಸೀವರ್ ಇಟ್ಟಿರುವ ಕಾರ್ಸ್ (CORS) ಕೇಂದ್ರಗಳಿಂದಲೂ ಈ ತಿದ್ದುಪಡಿ ಸಿಗುತ್ತದೆ. ನಾನು ಸ್ವಂತದ್ದೇ ಇರಲಿ ಅಂತ ಯು-ಬ್ಲಾಕ್ಸ್ ಎಫ್9ಪಿ ರಿಸೀವರ್ ತರಿಸಿ ಮನೆಯ ಮಾಳಿಗೆ ಮೇಲೆ ಇಟ್ಟೆ. ಪೇಂಟ್ ಡಬ್ಬಿಗೆ ಸಿಮೆಂಟ್ ತುಂಬಿ, ನಡುವೆ ಪೈಪ್ ನಿಲ್ಲಿಸಿ, ಅದರ ತುದಿಗೆ ಆಂಟೆನಾ. ಈ ಪೇಂಟ್ ಡಬ್ಬಿಯ ಕಥೆ ಮುಂದೆ ಬರುತ್ತದೆ.

ದಿಕ್ಸೂಚಿ ಪೂರ್ತಿ ಕೈಕೊಟ್ಟಿತು. ಸುತ್ತ ಬರೀ ಕಬ್ಬಿಣ, ಅದಕ್ಕೆ ಉತ್ತರ ದಿಕ್ಕೇ ಮರೆತುಹೋಗುತ್ತಿತ್ತು. ಮಡ್‌ಗಾರ್ಡಿನ ಎರಡೂ ಬದಿಗೆ ಒಂದೊಂದು ಆಂಟೆನಾ ನಿಲ್ಲಿಸಿದ ಮೇಲೆ ಮುಖ ಯಾವ ಕಡೆ ಅನ್ನೋದು ಸರಿಯಾಗಿ ಬರತೊಡಗಿತು. ಓರೆಯ ಲೆಕ್ಕವೂ ಇದೆ. ನನ್ನ ಆಂಟೆನಾ ನೆಲದಿಂದ 2 ಮೀಟರ್ ಎತ್ತರ. ಒಂದು ಗಾಲಿ ತಗ್ಗಿಗೆ ಇಳಿದು ಟ್ರ್ಯಾಕ್ಟರ್ 5 ಡಿಗ್ರಿ ವಾಲಿದರೆ ಮೇಲೆ ಆಂಟೆನಾ 17 ಸೆಂ.ಮೀ. ಪಕ್ಕಕ್ಕೆ ಹೋಗುತ್ತದೆ. ಅದನ್ನು ಕಳೆಯದಿದ್ದರೆ ಕುಂಟೆ ನೇರ ಜೋಳದ ಬುಡಕ್ಕೆ. ಬೇವಿನ ಮರದ ಕೆಳಗೆ ಹೋದರೆ ಮತ್ತೊಂದು ತಾಪತ್ರಯ, ಪರದೆ ಮೇಲೆ ‘ಫಿಕ್ಸ್’ ಇದ್ದದ್ದು ‘ಫ್ಲೋಟ್’ ಆಗುತ್ತದೆ, ಅಂದರೆ ಸೆಂಟಿಮೀಟರ್ ಲೆಕ್ಕದ ಭರವಸೆ ಹೋಗುತ್ತದೆ. ಅವ್ವ ಮರ ಕಡಿಯೋಕೆ ಬಿಡಲಿಲ್ಲ. ಮರದ ಸುತ್ತಲಿನ ನಾಲ್ಕು ಗುಂಟೆಗೆ ಈಗಲೂ ಆಳು ಹಚ್ಚುತ್ತೇವೆ.

ಇಷ್ಟೆಲ್ಲ ಒಂದು ತಿಂಗಳಲ್ಲಿ ಮುಗಿಯಿತು. ಮೊದಲ ವರ್ಷ ಸೀಟಿನ ಮೇಲೆ ನಾನೇ ಕೂತೆ, ಸ್ಟೀರಿಂಗ್ ಅದು ನೋಡಿಕೊಂಡಿತು. ಕೂರಿಗೆ ಬಿತ್ತಿದ ಸಾಲು ದಾರ ಹಿಡಿದ ಹಾಗೆ ಬಂತು. ಊರಿನವರು ಬಂದು ಫೋಟೋ ತೆಗೆದುಕೊಂಡರು. ಅಷ್ಟಕ್ಕೇ ನಿಲ್ಲಿಸಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ವರ್ಷ ಗಾಡಿಯನ್ನು ತಾನಾಗೇ ಓಡಿಸುವ ಆರ್ಡುಪೈಲಟ್ ರೋವರ್ ಅನ್ನೋ ಸಾಫ್ಟ್‌ವೇರ್ ಇರುವ ಬೋರ್ಡು ಹಾಕಿ ಸೀಟಿನಿಂದ ಇಳಿದೆ. ನಿಲ್ಲಿಸೋಕೆ ಒಂದು ರಿಲೇ, ಅಂದರೆ ಕರೆಂಟ್ ಬಂದರೆ ಕೂಡುವ ಸ್ವಿಚ್, ಇಟ್ಟಿದ್ದೆ. ರಿಮೋಟ್ ಒತ್ತಿದರೆ ರಿಲೇಗೆ ಕರೆಂಟ್ ಹೋಗುತ್ತದೆ, ಒಂದು ಸಣ್ಣ ಮೋಟರ್ ಇಂಜಿನ್ ಬಂದ್ ಮಾಡುವ ಕೇಬಲ್ ಎಳೆಯುತ್ತದೆ. ಮನೆಯ ಅಂಗಳದಲ್ಲಿ ಇಪ್ಪತ್ತು ಸಲ ನೋಡಿದ್ದೆ, ಒಂದು ಸಲವೂ ತಪ್ಪಿರಲಿಲ್ಲ.

ಹೊಲದಲ್ಲಿ ಮೂರನೇ ಸುತ್ತಿಗೆ ಬ್ಯಾಟರಿಯ ಟರ್ಮಿನಲ್ ಅಲುಗಾಡಿ ಕಳಚಿತು. ಬೋರ್ಡು ಸತ್ತಿತು, ರಿಮೋಟ್ ಸತ್ತಿತು, ರಿಲೇ ಸತ್ತಿತು. ಇಂಜಿನ್ ಮಾತ್ರ ಸಾಯಲಿಲ್ಲ. ಹಳೇ ಡೀಸೆಲ್ ಇಂಜಿನ್ನಿಗೆ ಒಮ್ಮೆ ಚಾಲೂ ಆದ ಮೇಲೆ ಕರೆಂಟೇ ಬೇಡ. ದಿನಾ ಮೋಟರ್ ಬಿಚ್ಚುವ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಹೊಳೆದಿರಲಿಲ್ಲ, ಅಷ್ಟೇ. ಸ್ಟೀರಿಂಗ್ ಎಲ್ಲಿತ್ತೋ ಅಲ್ಲೇ ನಿಂತು, ಟ್ರ್ಯಾಕ್ಟರ್ ಸಾವಕಾಶ ಒಡ್ಡು ಹತ್ತಿ, ಇಳಿದು, ಬಾಜೂದವರ ತೊಗರಿಯೊಳಗೆ ಹೊಕ್ಕಿತು. ನಾನು ಬೊಬ್ಬೆ ಹಾಕುತ್ತಾ ಓಡಿ, ಹತ್ತಿ, ಕೇಬಲ್ ಜಗ್ಗಿದೆ. ಓಡುವ ಟ್ರ್ಯಾಕ್ಟರ್ ಹತ್ತೋದು ಎಂಥ ಮೂರ್ಖತನ ಅಂತ ಆಮೇಲೆ ಕೂತಾಗ ಕಾಲು ನಡುಗಿ ಗೊತ್ತಾಯಿತು. ಹಾಳಾದ ತೊಗರಿಗೆ ದುಡ್ಡು ಕೊಟ್ಟೆ. ಬಾಜೂದ ಅಣ್ಣ ಇಸಿದುಕೊಂಡು, “ನಾಳೆ ನಿಮ್ಮ ಟ್ರ್ಯಾಕ್ಟರ್ ಮನಿಗೇ ಬರ್ತೈತಿ ಊಟಕ್ಕ” ಅಂದ.

ಆವತ್ತು ರಾತ್ರಿ ಲೆಕ್ಕ ತಿರುವು ಮುರುವು ಮಾಡಿದೆ. ಕರೆಂಟ್ ಕೊಟ್ಟರೆ ನಿಲ್ಲೋದಲ್ಲ, ಕರೆಂಟ್ ಹೋದರೆ ನಿಲ್ಲಬೇಕು. ಆಫೀಸಿನ ಗಾಜಿನ ಬಾಗಿಲಿಗೆ ಹಾಕುವ 12 ವೋಲ್ಟಿನ ಮ್ಯಾಗ್ನೆಟ್ ಲಾಕ್ ನೋಡಿರುತ್ತೀರಿ. ಕರೆಂಟ್ ಇರುವ ತನಕ ಗಟ್ಟಿಯಾಗಿ ಹಿಡಿದಿರುತ್ತದೆ, ಹೋದರೆ ಬಿಡುತ್ತದೆ. ಅಂಥದ್ದೊಂದು ತಂದೆ. ಬೈಕಿನ ಸೆಂಟರ್ ಸ್ಟ್ಯಾಂಡಿನ ಸ್ಪ್ರಿಂಗ್ ಕೇಬಲನ್ನು ಜಗ್ಗುತ್ತಲೇ ಇರುತ್ತದೆ, ಮ್ಯಾಗ್ನೆಟ್ ಅದನ್ನು ತಡೆದು ಹಿಡಿದಿರುತ್ತದೆ. ಮ್ಯಾಗ್ನೆಟ್ಟಿಗೆ ಹೋಗುವ ಒಂದೇ ವೈರಿನಲ್ಲಿ ಎಲ್ಲವನ್ನೂ ಸಾಲಾಗಿ ಪೋಣಿಸಿದೆ. ಎರಡೂ ಮಡ್‌ಗಾರ್ಡಿಗೆ ಒಂದೊಂದು ಕೆಂಪು ಗುಂಡಿ, ಮುಂದಿನ ಬಂಪರಿನ ಸ್ವಿಚ್, ರಿಮೋಟಿನ ಸಿಗ್ನಲ್ ಇದ್ದರಷ್ಟೇ ಕೂಡುವ ರಿಲೇ, ಬೋರ್ಡು ಅರ್ಧ ಸೆಕೆಂಡಿಗೊಮ್ಮೆ “ನಾನಿದ್ದೇನೆ” ಅಂತ ಹೇಳಿದರಷ್ಟೇ ಕೂಡುವ ಇನ್ನೊಂದು ರಿಲೇ. ಯಾವುದು ಬಿಟ್ಟರೂ ಸ್ಪ್ರಿಂಗ್ ಗೆಲ್ಲುತ್ತದೆ. ಆ ವರ್ಷ ಇಲಿ ವೈರ್ ಕಡಿಯಿತು. ಟ್ರ್ಯಾಕ್ಟರ್ ಚಾಲೂನೇ ಆಗಲಿಲ್ಲ. ಅಷ್ಟು ಖುಷಿಯಿಂದ ನಾನು ಯಾವ ರಿಪೇರಿಯನ್ನೂ ಮಾಡಿಲ್ಲ.

ನಿಲ್ಲೋದು ಬಂತು. ಯಾವಾಗ ನಿಲ್ಲಬೇಕು ಅನ್ನೋದು ಮಾತ್ರ ಇನ್ನೂ ಅದಕ್ಕೆ ಬಂದಿಲ್ಲ.

ಮುಂದೆ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದೆ. ಜೋಳದ ಗರಿ ಅಡ್ಡ ಬಂದರೂ ನಿಲ್ಲುತ್ತಿತ್ತು. ಒಂದು ಸಾಲಿಗೆ ಹತ್ತು ಸಲ. ರೋಸಿಹೋಗಿ ಅದರ ಚುರುಕು ಇಳಿಸಿದೆ. ಮರುದಿನ ಕಳೆ ತೆಗೆಯೋಕೆ ಬಂದ ಹೆಣ್ಣುಮಕ್ಕಳು ಸಾಲಿನ ತುದಿಯಲ್ಲಿ ಇಟ್ಟಿದ್ದ ಬುತ್ತಿ ಗಂಟಿನ ಮೇಲೆ ಗಾಲಿ ಹೋಯಿತು. ರೊಟ್ಟಿ, ಶೇಂಗಾ ಹಿಂಡಿ, ಸ್ಟೀಲ್ ಡಬ್ಬಿ ಎಲ್ಲ ಎರಿ ಮಣ್ಣಿನಲ್ಲಿ ಚಪ್ಪಟೆ. ಗಂಟು ಬಂಪರಿಗಿಂತ ಕೆಳಗಿತ್ತು, ಸ್ವಿಚ್ಚಿಗೂ ತಾಗಲಿಲ್ಲ. ಮೊದಲು ಎಲ್ಲರೂ ನಕ್ಕರು. ಆಮೇಲೆ ಅವರಲ್ಲೊಬ್ಬಳು ಎದ್ದು, ಮರದ ನೆರಳಿನಲ್ಲಿ ಮಲಗಿಸಿದ್ದ ಕೂಸನ್ನು ಎತ್ತಿಕೊಂಡು ಬಂದು ಸೊಂಟದ ಮೇಲೆ ಇಟ್ಟುಕೊಂಡಳು. ಸಂಜೆ ತನಕ ಕೆಳಗಿಳಿಸಲಿಲ್ಲ.

ಕಾಕಾಗೆ ಹೇಳಿದೆ. ಅವರು ನಲವತ್ತು ವರ್ಷ ಎತ್ತು ಹೂಡಿದವರು. “ಎತ್ತು ಬುತ್ತಿ ಮ್ಯಾಲೆ ಕಾಲಿಡ್ತಿದ್ದಿಲ್ಲೋ ತಮ್ಮಾ. ಮೂಸಿ ನೋಡಿ, ತಿಂದ ಬಿಡ್ತಿತ್ತು,” ಅಂದರು.

ಜಾನ್ ಡೀರ್ ಕಂಪನಿ 2022ರಲ್ಲಿ ತೋರಿಸಿದ ಡ್ರೈವರ್ ಇಲ್ಲದ ಟ್ರ್ಯಾಕ್ಟರಿಗೆ ಆರು ಜೋಡಿ ಕ್ಯಾಮೆರಾ ಇದ್ದವು. ನನ್ನದಕ್ಕೆ ಒಂದು, ಅದರ ಮೇಲೂ ಮಧ್ಯಾಹ್ನಕ್ಕೆ ಬೆರಳಿನಿಂದ ಬರೆಯುವಷ್ಟು ಧೂಳು. ಕ್ಯಾಮೆರಾದ ಹಿಂದೆ ಬಿದ್ದು ಒಂದು ವರ್ಷ ಕಳೆಯಬಹುದಿತ್ತು. ನಾನು ಮಾಡಿದ್ದು ಎರಡೇ ಕೆಲಸ. ಬಂಪರನ್ನು ನೆಲಕ್ಕೆ ಒಂದು ಗೇಣು ಇರುವ ತನಕ ಇಳಿಸಿ, ಮುಂದಕ್ಕೆ ಮೂರೂವರೆ ಅಡಿ ಚಾಚಿದೆ. ವೇಗವನ್ನು ಗಂಟೆಗೆ 3 ಕಿ.ಮೀ.ಗೆ ಕಟ್ಟಿದೆ. ಅಂದರೆ ಸೆಕೆಂಡಿಗೆ 83 ಸೆಂ.ಮೀ. ಸ್ವಿಚ್ ತಾಗಿದ ಮೇಲೆ ಪೂರ್ತಿ ನಿಲ್ಲೋಕೆ ನಮ್ಮ ನೆಲದಲ್ಲಿ ಒಂದು ಸೆಕೆಂಡ್ ಹಿಡಿಯುತ್ತದೆ, ಅಷ್ಟರೊಳಗೆ ಗಾಲಿ ಮುಟ್ಟಬಾರದು. ಇಷ್ಟಾದರೂ ಹೊಲದಲ್ಲಿ ಕೂಲಿಯವರು ಇದ್ದ ದಿನ ನಾನು ಅದನ್ನು ಬಿಡೋದಿಲ್ಲ.

ಇನ್ನು ಪೇಂಟ್ ಡಬ್ಬಿ. ಅಕ್ಟೋಬರ್ ಮೊದಲಿಗೆ ಬಿತ್ತಿ, ಸಾಲುಗಳನ್ನು ಉಳಿಸಿಟ್ಟುಕೊಂಡಿದ್ದೆ. ನವೆಂಬರಿಗೆ ಅದೇ ಸಾಲಿನ ಲೆಕ್ಕದಲ್ಲಿ ಎಡೆ ಹೊಡೆಯೋಕೆ ಬಿಟ್ಟೆ. ಪರದೆ ಮೇಲೆ ತಪ್ಪು 2 ಸೆಂ.ಮೀ. ಅಂತ ಇತ್ತು, ನಿಶ್ಚಿಂತೆಯಿಂದ ಒಡ್ಡಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದೆ. ಅದು ಮೂರು ಸುತ್ತು ಮುಗಿಸಿತ್ತು. ತಲೆ ಎತ್ತಿದರೆ ಹನ್ನೆರಡು ಸಾಲು ಜೋಳ ಬುಡಸಮೇತ ಮಲಗಿತ್ತು, ಸಾಲಿನ ನಡುವಿನ ಕಸ ಮಾತ್ರ ತಲೆ ಎತ್ತಿ ನಿಂತಿತ್ತು. ಎಷ್ಟು ಚೊಕ್ಕವಾಗಿ ಅಂದರೆ, ಕೈಯಿಂದ ಕಿತ್ತರೂ ಹಾಗೆ ಬರೋದಿಲ್ಲ.

ಮೋಟರ್ ನೋಡಿದೆ, ಆಂಟೆನಾ ನೋಡಿದೆ, ಓರೆಯ ಲೆಕ್ಕ ನೋಡಿದೆ. ಎಲ್ಲ ಸರಿ. ಎರಡು ದಿನ ತಲೆ ಕೆಟ್ಟಿತು. ಮೂರನೇ ದಿನ ಏನಕ್ಕೋ ಮಾಳಿಗೆ ಹತ್ತಿದೆ. ಉದ್ದಕ್ಕೂ ಶೇಂಗಾ ಹರವಿತ್ತು. ಪೇಂಟ್ ಡಬ್ಬಿ ಇದ್ದ ಜಾಗದಲ್ಲಿ ಗುಂಡಗಿನ ಕಲೆ, ಡಬ್ಬಿ ಮಾತ್ರ ಪಕ್ಕಕ್ಕೆ. ಶೇಂಗಾ ಹರವೋಕೆ ಜಾಗ ಸಾಲದೆ ಅವ್ವ ಅದನ್ನು ಕಾಲಿನಿಂದ ಸರಿಸಿದ್ದಳು. ಅಳೆದೆ. ಒಂದು ಗೇಣು. ಸಾಲಿನ ಅರ್ಧ. ರಿಸೀವರಿಗೆ ತಾನು ಸರಿದದ್ದು ಗೊತ್ತಿಲ್ಲ, ಹಳೇ ಜಾಗದಲ್ಲೇ ಇದ್ದೇನೆ ಅಂದುಕೊಂಡಿದೆ. ಅವ್ವ ಡಬ್ಬಿಯನ್ನು ಯಾವ ಕಡೆ ಎಷ್ಟು ಸರಿಸಿದಳೋ, ಎರಡು ಕಿಲೋಮೀಟರ್ ದೂರದ ಹೊಲದಲ್ಲಿ ಟ್ರ್ಯಾಕ್ಟರ್ ಅದೇ ಕಡೆ ಅಷ್ಟೇ ಸರಿದಿತ್ತು. ಪೂರ್ತಿ ಎರಡು ಗೇಣು ಸರಿಸಿದ್ದರೆ ಕುಂಟೆ ಪಕ್ಕದ ಸಂದಿಯಲ್ಲಿ ಹೋಗಿ ಜೋಳ ಬಚಾವಾಗುತ್ತಿತ್ತು ಅಂತ ಲೆಕ್ಕ ಹಾಕಿ ಹೇಳಿದೆ. “ಮದ್ಲ ಹೇಳಬೇಕಿಲ್ಲ?” ಅಂದಳು.

ಹೋದ ಹಂಗಾಮಿನಲ್ಲಿ ಆರು ಎಕರೆ ಎಡೆ ಹೊಡೆದೆವು, ಮನೆ ಹತ್ತಿರದ ಒಂದೂವರೆ ಎಕರೆಯೂ ಸೇರಿ. ಒಡ್ಡಿನ ಮೇಲೆ ರಿಮೋಟ್ ಹಿಡಿದು ಕೂರೋದು ಕಾಕಾ. ಅವರಿಗೆ ಟ್ರ್ಯಾಕ್ಟರ್ ಓಡಿಸೋಕೆ ಬರೋದಿಲ್ಲ, ಮೊಣಕಾಲು ನೋವಿನಿಂದ ಹತ್ತೋಕೂ ಆಗೋದಿಲ್ಲ. ಹಾಗಾಗಿ ಒಂದು ಆಳು ಉಳಿಯಿತು ಅಂತ ಹೇಳೋಕೆ ಬರೋದಿಲ್ಲ, ಡ್ರೈವರ್‌ಗೆ ಕಾಯೋದು ತಪ್ಪಿತು. ಕಾಕಾ ಪರದೆ ನೋಡೋದೇ ಇಲ್ಲ, ಸಪ್ಪಳ ಕೇಳುತ್ತಾರೆ. ಕುಂಟೆಗೆ ಕಲ್ಲು ಸಿಕ್ಕಿದ್ದು, ಕಸ ಸುತ್ತಿಕೊಂಡು ಇಂಜಿನ್ ಏದುಸಿರು ಬಿಟ್ಟದ್ದು ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ನಿಲ್ಲಿಸಿ, ಕೋಲೂರಿಕೊಂಡು ಹೋಗಿ ಬಿಡಿಸಿ ಬರುತ್ತಾರೆ. ಆ ಕಿವಿಗೆ ಸೆನ್ಸರ್ ಯಾವುದು ಹಾಕಬೇಕೋ ನನಗೆ ಹೊಳೆದಿಲ್ಲ.

ಬಿತ್ತಿಗೆಗೆ ಮಾತ್ರ ಈಗಲೂ ಸೀಟಿನ ಮೇಲೆ ನಾನೇ. ಹಸಿ ಎರಿ ಮಣ್ಣು ಬೀಜದ ಪೈಪಿನ ಬಾಯಿಗೆ ಮೆತ್ತಿಕೊಂಡರೆ ಮೇಲಿನಿಂದ ಏನೂ ಕಾಣೋದಿಲ್ಲ. ಹತ್ತು ದಿನದ ಮೇಲೆ ಮೊಳಕೆ ಬಂದಾಗ ಬೋಳು ಸಾಲು ಕಾಣುತ್ತದೆ. ಹಿಂದಿರುಗಿ ಹಿಂದಿರುಗಿ ನೋಡುವ ಕುತ್ತಿಗೆ ಒಂದು ಬೇಕೇ ಬೇಕು.

ಆಂಟೆನಾದ ಪೈಪನ್ನು ಈಗ ನೀರಿನ ಟಾಕಿಯ ಗೋಡೆಗೆ ನಾಲ್ಕು ಬೋಲ್ಟ್ ಹೊಡೆದು ಕೂರಿಸಿದ್ದೇನೆ. ಕಾಲಿನಿಂದ ಸರಿಯೋದಿಲ್ಲ. ಅವ್ವ ಅದಕ್ಕೆ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಾಳೆ. ಬೇಡ ಅನ್ನೋಕೆ ಧೈರ್ಯ ಸಾಲದೆ ಟೇಪ್ ಹಿಡಿದು ಅಳೆದೆ. ಎರಡು ಒದ್ದೆ ಸೀರೆಗೆ ಪೈಪ್ ಬಾಗೋದು 1 ಸೆಂ.ಮೀ.ಗಿಂತ ಕಡಿಮೆ. ಇರಲಿ ಅಂತ ಬಿಟ್ಟಿದ್ದೇನೆ.