ಬಾರಿನ ಮೇಜಿನ ಸುತ್ತ ವಿಜ್ಞಾನ: ಒಂದು ಸಂಜೆ ಕಟ್ಟುವುದು ಹೇಗೆ?

ಅಮೆರಿಕದ ಬೋಸ್ಟನ್ ನಗರದಲ್ಲಿ ಮಿಡ್‌ವೇ ಕೆಫೆ ಎಂಬ ಬಾರ್ ಇದೆ. ಕ್ರಿಸ್ ಬಾಲಕೃಷ್ಣನ್ ಎಂಬ ಜೀವವಿಜ್ಞಾನದ ಸಂಶೋಧನಾ ವಿದ್ಯಾರ್ಥಿ ಆಫ್ರಿಕಾದಲ್ಲಿ ಇಂಡಿಗೊ ಹಕ್ಕಿಗಳ ಬೆನ್ನು ಹತ್ತಿ ಅಲೆದು ಬಂದು, ಅಲ್ಲಿ ಕುಳಿತು ಸಿಕ್ಕವರಿಗೆಲ್ಲ ಆ ಹಕ್ಕಿಗಳ ಕಥೆ ಹೇಳುತ್ತಿದ್ದರು. ಕೋಗಿಲೆ ಕಾಗೆಯ ಗೂಡಲ್ಲಿ ಮೊಟ್ಟೆ ಇಡುವ ಹಾಗೆ ಈ ಹಕ್ಕಿಯೂ ಇನ್ನೊಂದು ಪುಟ್ಟ ಹಕ್ಕಿಯ ಗೂಡಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಬೆಳೆದ ಗಂಡು ಮರಿ ತನ್ನನ್ನು ಸಾಕಿದವರ ಹಾಡನ್ನೇ ಕಲಿತು ಹಾಡುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದು ದಿನ ಸ್ಲೈಡ್ ಹಾಕಿ ಎಲ್ಲರಿಗೂ ಒಟ್ಟಿಗೇ ಹೇಳಿಬಿಡಿ ಎಂದರು ಬಾರಿನವರು. 2003ರ ಆ ಸಂಜೆಯಿಂದ ಹುಟ್ಟಿದ್ದೇ ‘ನರ್ಡ್ ನೈಟ್’. ಇವತ್ತು ಹಲವು ದೇಶಗಳ ಊರುಗಳಲ್ಲಿ ಅದು ನಡೆಯುತ್ತಿದೆ.

ಅದಕ್ಕೂ ಐದು ವರ್ಷ ಮೊದಲು, 1998ರಲ್ಲಿ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಂಕನ್ ಡಲ್ಲಾಸ್, ಕೆಫೆಯಲ್ಲಿ ಕೂತು ವಿಜ್ಞಾನ ಚರ್ಚಿಸುವ ‘ಕೆಫೆ ಸೈಂಟಿಫಿಕ್’ ಶುರು ಮಾಡಿದ್ದರು. ಪ್ಯಾರಿಸ್ಸಿನ ಕೆಫೆಗಳಲ್ಲಿ ಮಾರ್ಕ್ ಸೋತೆ 1992ರಿಂದ ನಡೆಸುತ್ತಿದ್ದ ತತ್ತ್ವಶಾಸ್ತ್ರದ ಹರಟೆಯೇ ಅವರಿಗೆ ಮಾದರಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಪ್ರವೀಣ್ ಪಾಲ್ ಮತ್ತು ಮೈಕೆಲ್ ಮೋಟ್‌ಸ್ಕಿನ್ 2012ರಲ್ಲಿ ಪಾರ್ಕಿನ್ಸನ್, ಆಲ್ಜೈಮರ್ ಮುಂತಾದ ಕಾಯಿಲೆಯವರನ್ನು ತಮ್ಮ ಪ್ರಯೋಗಾಲಯಕ್ಕೇ ಕರೆದು, ತಾವು ಮಾಡುವ ಕೆಲಸ ತೋರಿಸಿದರು. ಜನ ಲ್ಯಾಬಿಗೆ ಬರುವುದಾದರೆ ನಾವೇಕೆ ಜನರಿದ್ದಲ್ಲಿಗೆ ಹೋಗಬಾರದು ಎಂಬ ಯೋಚನೆಯಿಂದ ಮರುವರ್ಷದ ಮೇ ತಿಂಗಳಲ್ಲಿ, ವಿಜ್ಞಾನಿಗಳು ಬಾರುಗಳಿಗೇ ಬಂದು ಮಾತಾಡುವ ‘ಪಿಂಟ್ ಆಫ್ ಸೈನ್ಸ್’ ಹಬ್ಬ ಮೊದಲಾಯಿತು.

ಉಪನ್ಯಾಸ ಕೇಳುವುದು ನಮಗೆ ಹೊಸತಲ್ಲ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬುಧವಾರದ ಉಪನ್ಯಾಸಗಳನ್ನು ದಶಕಗಳ ಕಾಲ ನಡೆಸಿಕೊಂಡು ಬಂತು. ಆ ಪರಂಪರೆಯ ಮೇಲೆ ನನಗೆ ಅಪಾರ ಗೌರವ. ಆದರೆ ಸಭಾಂಗಣದಲ್ಲಿ ಕೈ ಎತ್ತಿ ಪ್ರಶ್ನೆ ಕೇಳಲು ಧೈರ್ಯ ಬೇಕು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ವಿಜ್ಞಾನದ ಪುಸ್ತಕ ಮುಟ್ಟದ, ‘ನನ್ನ ಪ್ರಶ್ನೆ ದಡ್ಡ ಪ್ರಶ್ನೆ ಇರಬಹುದು’ ಎಂದು ಅಳುಕುವ ಮನುಷ್ಯ ಬಾರಿನ ಮೇಜಿನಲ್ಲಿ ಅಳುಕುವುದಿಲ್ಲ. ಅದಕ್ಕೆ ಕಾರಣ ಮದ್ಯ ಅನ್ನುವುದಕ್ಕಿಂತ, ಅಲ್ಲಿ ವೇದಿಕೆಯೂ ಇಲ್ಲ, ಹಾರ-ಶಾಲುಗಳೂ ಇಲ್ಲ. ನಮ್ಮೂರಿನ ಬಾರಿನಲ್ಲಿ ಗೆಳೆಯರ ಜೊತೆ ಸೇರಿ ಕನ್ನಡದಲ್ಲಿ ಇಂಥ ಸಂಜೆಗಳನ್ನು ನಡೆಸುತ್ತಾ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ. ಮಾಡುವ ಪ್ರತಿ ಏರ್ಪಾಡಿಗೂ ಒಂದೇ ಅಳತೆಗೋಲು ಇಟ್ಟುಕೊಳ್ಳಿ: ಬಂದವರು ಬಾಯಿ ಬಿಡಲು ಇದರಿಂದ ಸುಲಭವಾಗುತ್ತದೆಯೇ?

ಮೊದಲು ಜಾಗ

ಶುಕ್ರವಾರ, ಶನಿವಾರ ಮರೆತುಬಿಡಿ. ಸೋಮವಾರ, ಮಂಗಳವಾರ ಬಾರುಗಳು ಖಾಲಿ ಹೊಡೆಯುತ್ತವೆ. ಮಾಲೀಕರ ಹತ್ತಿರ ಹೋಗಿ, ‘ಮಂಗಳವಾರ ಏಳು ಗಂಟೆಗೆ ನಲವತ್ತು ಜನ ಕರೆದುಕೊಂಡು ಬರ್ತೀವಿ, ಮೇಲಿನ ಮಹಡಿ ಎರಡೂವರೆ ಗಂಟೆ ಕೊಡಿ’ ಅಂದರೆ ಬಾಡಿಗೆಯ ಮಾತೇ ಬರುವುದಿಲ್ಲ. ವೈನ್ ಶಾಪ್ ಎಂದು ನಾವು ಕರೆಯುವ ಸಿಎಲ್-2 ಅಂಗಡಿಯಲ್ಲಿ ಕೂತು ಕುಡಿಯುವಂತಿಲ್ಲ; ನಿಮಗೆ ಬೇಕಾದ್ದು ಸಿಎಲ್-9 ಪರವಾನಗಿಯ ಬಾರ್ ಅಂಡ್ ರೆಸ್ಟೋರೆಂಟ್, ಇಲ್ಲವೇ ಹೋಟೆಲಿನ ಬಾರ್. ಕರ್ನಾಟಕದಲ್ಲಿ 21 ತುಂಬದವರಿಗೆ ಮದ್ಯ ಮಾರುವಂತಿಲ್ಲವಾದ್ದರಿಂದ ಆಹ್ವಾನದಲ್ಲೇ ವಯಸ್ಸು ಬರೆದುಬಿಡಿ.

ಒಪ್ಪಿಗೆ ಸಿಕ್ಕಿದ ಮೇಲೆ, ಕಾರ್ಯಕ್ರಮ ನಡೆಯುವ ಹೊತ್ತಿಗೇ ಒಂದು ದಿನ ಸುಮ್ಮನೆ ಹೋಗಿ ಕೂತು ಬನ್ನಿ. ಅಡುಗೆಮನೆಯ ಬಾಗಿಲು ಎಲ್ಲಿದೆ, ಮಿಕ್ಸಿ ಎಷ್ಟು ಜೋರು, ಹೆಂಗಸರ ಶೌಚಾಲಯ ಶುಚಿಯಾಗಿದೆಯೇ, ಅಲ್ಲಿಗೆ ಹೋಗುವ ದಾರಿಯಲ್ಲಿ ಬೆಳಕಿದೆಯೇ ನೋಡಿ. ಶೌಚಾಲಯದ ವಿಚಾರ ಕೊನೆಗೆ ನೋಡಿಕೊಂಡರಾಯಿತು ಎನ್ನಬೇಡಿ. ನಮ್ಮ ಮೊದಲ ಸಂಜೆಗೆ ಬಂದ ಹೆಂಗಸರು ಇಬ್ಬರೇ. ಜಾಗ ಬದಲಿಸಿದ ಮೇಲೆ ಅರ್ಧಕ್ಕರ್ಧ ಅವರೇ ಬಂದರು.

ಕ್ರಿಕೆಟ್ ವೇಳಾಪಟ್ಟಿಯನ್ನೂ ನೋಡಿ. ನಾವು ನೋಡಿರಲಿಲ್ಲ. ಖಗೋಳದ ಬಗ್ಗೆ ಮಾತಾಡಲು ಬಂದಿದ್ದವರು ನಕ್ಷತ್ರವೊಂದು ಕುಸಿಯುವ ಘಟ್ಟಕ್ಕೆ ಬಂದಾಗ ಕೆಳಗಿನ ಮಹಡಿಯಿಂದ ಸಿಕ್ಸರಿನ ಕೇಕೆ ಎದ್ದಿತು. ಅರ್ಧ ಸಭೆ ಎದ್ದು ಕೆಳಗೆ ಓಡಿತು. ಪಾಪ, ಅವರು ಮೈಕ್ ಹಿಡಿದುಕೊಂಡು ನಿಂತೇ ಇದ್ದರು. ಅಂದಿನಿಂದ ಐಪಿಎಲ್ ಪಟ್ಟಿ ಕೈಯಲ್ಲಿಲ್ಲದೆ ನಾನು ದಿನ ಗೊತ್ತು ಮಾಡುವುದಿಲ್ಲ.

ಮಾತಾಡುವವರು

ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಜೀವವಿಜ್ಞಾನದ ಎನ್‌ಸಿಬಿಎಸ್, ರಾಮನ್ ಸಂಶೋಧನಾ ಸಂಸ್ಥೆ, ಭಾರತೀಯ ಖಭೌತ ಸಂಸ್ಥೆ ಇವೆ. ಮೈಸೂರಿನವರಿಗೆ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯ ಇದೆ. ದೊಡ್ಡ ಹೆಸರಿನ ಪ್ರೊಫೆಸರರ ಹಿಂದೆ ಬೀಳುವ ಬದಲು ಪಿಎಚ್.ಡಿ.ಯ ಮೂರನೇ, ನಾಲ್ಕನೇ ವರ್ಷದಲ್ಲಿರುವ ವಿದ್ಯಾರ್ಥಿಯನ್ನು ಕೇಳಿ. ಅವರ ಕೆಲಸದ ಕೆಸರು ಇನ್ನೂ ಕಾಲಲ್ಲಿರುತ್ತದೆ. ಕೆಟ್ಟುಹೋದ ಪ್ರಯೋಗದ ಕಥೆಯನ್ನೂ ಮುಚ್ಚಿಡದೆ ಹೇಳುತ್ತಾರೆ, ಜನರಿಗೆ ಅದೇ ಹಿಡಿಸುತ್ತದೆ.

‘ಕನ್ನಡದಲ್ಲಿ ಹೇಳೋಕೆ ನನಗೆ ಪದ ಗೊತ್ತಿಲ್ಲ’ ಎಂದು ಹತ್ತರಲ್ಲಿ ಎಂಟು ಮಂದಿ ಹಿಂಜರಿಯುತ್ತಾರೆ. ಜೀನ್ ಜೀನ್ ಆಗಿಯೇ ಇರಲಿ, ಎಲೆಕ್ಟ್ರಾನ್ ಎಲೆಕ್ಟ್ರಾನೇ ಇರಲಿ ಎಂದು ಅವರಿಗೆ ಹೇಳಿ. ಕನ್ನಡ ಇರಬೇಕಾದ್ದು ಕ್ರಿಯಾಪದದಲ್ಲಿ, ಹೋಲಿಕೆಯಲ್ಲಿ, ಮಾತಿನ ಓಟದಲ್ಲಿ. ಮನೆಯಲ್ಲಿ ಅಜ್ಜಿಗೆ ಹೇಗೆ ಹೇಳುತ್ತೀರೋ ಹಾಗೆ ಹೇಳಿ ಎಂದರೆ ಮುಖ ಅರಳುತ್ತದೆ. ಎಷ್ಟೋ ಜನ ತಮ್ಮ ಕೆಲಸದ ಬಗ್ಗೆ ತಾಯ್ನುಡಿಯಲ್ಲಿ ಮೊದಲ ಸಲ ಮಾತಾಡುವುದು ಇಲ್ಲೇ.

ಇನ್ನು ವಿಷಯ. ‘ಪಶ್ಚಿಮ ಘಟ್ಟದ ಉಭಯಚರಗಳು’ ಅಂದರೆ ಯಾರೂ ಬರುವುದಿಲ್ಲ. ಉತ್ತರ ಕನ್ನಡದ ಕತ್ತಲೆಕಾನಿನ ಕಡೆ ಒಂದು ಕಪ್ಪೆ ಇದೆ. 2014ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯವಾದ ಅದಕ್ಕೆ ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಮೊಟ್ಟೆ ಇಟ್ಟಾದ ಮೇಲೆ ಗಂಡು ಕಪ್ಪೆ ಹಿಂಗಾಲ ಮೇಲೆ ನಿಂತು, ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ‘ಮಡಕೆ ಮೆತ್ತುವ ಕಪ್ಪೆಗೆ ಮಣ್ಣೇಕೆ ಬೇಕು?’ ಎಂದು ಬರೆಯಿರಿ, ಜನ ಬರುತ್ತಾರೆ. 2025ರಲ್ಲಿ ಕೇರಳದ ಪಂದಳಂ ಬಸ್ ಡಿಪೊದಲ್ಲಿ ಒಂದು ಹನಿ ಕುಡಿಯದ ಚಾಲಕರು ಊದಿದಾಗಲೂ ಯಂತ್ರ ಮದ್ಯ ತೋರಿಸಿತು. ಅವರು ತಿಂದದ್ದು ಚೆನ್ನಾಗಿ ಕಳಿತ ಹಲಸಿನ ಹಣ್ಣು. ಹಣ್ಣಿನ ಸಕ್ಕರೆಯನ್ನು ಯೀಸ್ಟ್ ಹೇಗೆ ಹುಳಿ ಬರಿಸುತ್ತದೆ ಎಂದು ಹೇಳಲು ಬಾರಿಗಿಂತ ಒಳ್ಳೆಯ ಜಾಗ ಯಾವುದು? ಶೀರ್ಷಿಕೆ ಯಾವಾಗಲೂ ಒಂದು ಪ್ರಶ್ನೆಯಾಗಿರಲಿ, ಇಡೀ ಮಾತು ಆ ಒಂದೇ ಪ್ರಶ್ನೆಗೆ ಉತ್ತರವಾಗಿರಲಿ.

ಕಾರ್ಯಕ್ರಮಕ್ಕೆ ವಾರ ಮೊದಲು ಫೋನಿನಲ್ಲಿ ಪೂರ್ತಿ ಮಾತು ಹೇಳಿಸಿ. ನಲವತ್ತು ಸ್ಲೈಡ್ ತರುತ್ತಾರೆ. ಹನ್ನೆರಡಕ್ಕೆ ಇಳಿಸಿ. ಬಿಳಿ ಹಿನ್ನೆಲೆಯ ಸ್ಲೈಡ್ ಕತ್ತಲ ಕೋಣೆಯಲ್ಲಿ ಕಣ್ಣಿಗೆ ಹೊಡೆಯುತ್ತದೆ. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಒಂದು ಸ್ಲೈಡಿಗೆ ಒಂದೇ ಚಿತ್ರ. ಕೆಳಭಾಗದಲ್ಲಿ ಏನೂ ಬರೆಯಬೇಡಿ, ಮುಂದಿನವರ ತಲೆ ಅಡ್ಡ ಬರುತ್ತದೆ.

ಆ ಸಂಜೆಯ ಲಯ

ಕೆಫೆ ಸೈಂಟಿಫಿಕ್‌ನವರು ಕಂಡುಕೊಂಡ ಕ್ರಮವೇ ನನಗೆ ಈಗಲೂ ಸರಿ ಅನ್ನಿಸುತ್ತದೆ: ಇಪ್ಪತ್ತು ನಿಮಿಷ ಮಾತು, ಆಮೇಲೆ ಲೋಟ ತುಂಬಿಸಿಕೊಳ್ಳಲು ಬಿಡುವು, ಆಮೇಲೆ ಉದ್ದನೆಯ ಚರ್ಚೆ. ಈ ಬಿಡುವನ್ನು ಸಮಯ ಇಲ್ಲವೆಂದು ಕತ್ತರಿಸುವವರಿದ್ದಾರೆ. ದಯವಿಟ್ಟು ಕತ್ತರಿಸಬೇಡಿ. ಮಾತು ಮುಗಿದ ಕೂಡಲೇ ‘ಪ್ರಶ್ನೆಗಳಿವೆಯೇ?’ ಎಂದರೆ ಮೌನ. ಇಲ್ಲವೇ ಎಲ್ಲಾ ಬಲ್ಲವರೊಬ್ಬರು ಎದ್ದು ತಮ್ಮದೇ ಉಪನ್ಯಾಸ ಶುರು ಮಾಡುತ್ತಾರೆ. ಹದಿನೈದು ನಿಮಿಷ ಬಿಟ್ಟುನೋಡಿ. ಕಡಲೆಬೀಜ ಮೆಲ್ಲುತ್ತಾ ಪಕ್ಕದವರ ಹತ್ತಿರ ‘ಅಲ್ಲ ಕಣೋ, ಅವರು ಹೇಳಿದ್ದು ಹೇಗೆ ಸಾಧ್ಯ?’ ಎಂದು ಗುದ್ದಾಡಿ, ಆ ಪ್ರಶ್ನೆಯನ್ನು ಹದ ಮಾಡಿಕೊಂಡಿರುತ್ತಾರೆ. ಮೇಜಿಗೊಂದು ಚೀಟಿ, ಪೆನ್ಸಿಲ್ ಇಡಿ. ಮೊದಲ ಮೂರು ಪ್ರಶ್ನೆ ಚೀಟಿಯಿಂದಲೇ ಓದಿ, ಮುಂದಿನವು ತಾವಾಗಿ ಬರುತ್ತವೆ.

ಬಿಡುವಿನಲ್ಲಿ ಕೈಗೊಂದು ಕೆಲಸ ಕೊಟ್ಟರೆ ಇನ್ನೂ ಒಳ್ಳೆಯದು. ನನಗೆ ಬಹಳ ಇಷ್ಟವಾದದ್ದು ಬಿಯರಿನ ನೊರೆಯ ಪ್ರಯೋಗ. ಇದನ್ನು ಅಳೆದು ತೋರಿಸಿದ ಮ್ಯೂನಿಕ್ಕಿನ ಆರ್ಂಡ್ ಲೈಕೆ ಅವರಿಗೆ 2002ರಲ್ಲಿ ಭೌತಶಾಸ್ತ್ರದ ಇಗ್ ನೊಬೆಲ್ ಬಂತು; ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ನೇರ ಗೋಡೆಯ ಎತ್ತರದ ಲೋಟ ತಗೊಳ್ಳಿ, ಹೊರಗೆ ಒಂದು ಸ್ಕೇಲು ಅಂಟಿಸಿ. ಬಿಯರನ್ನು ಎತ್ತರದಿಂದ ರಭಸವಾಗಿ ಸುರಿದರೆ ನಾಲ್ಕು ಬೆರಳು ನೊರೆ ಏಳುತ್ತದೆ. ಒಬ್ಬರು ಫೋನಿನಲ್ಲಿ ಗಡಿಯಾರ ಹಿಡಿಯಲಿ, ಒಬ್ಬರು ಅರ್ಧ ನಿಮಿಷಕ್ಕೊಮ್ಮೆ ನೊರೆಯ ಎತ್ತರ ಕೂಗಲಿ, ಇನ್ನೊಬ್ಬರು ಬರೆದುಕೊಳ್ಳಲಿ. ನೊರೆ ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಹಿಡಿಯಿತೋ, ಉಳಿದರ್ಧ ಮತ್ತೆ ಅರ್ಧವಾಗಲೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು. ಬಿಯರಿನಿಂದ ಬಿಯರಿಗೆ ಆ ಹೊತ್ತು ಬೇರೆ, ಪಕ್ಕದ ಮೇಜಿನವರ ಲೆಕ್ಕದ ಜೊತೆ ಹೋಲಿಸಲು ಹೇಳಿ. ಒಂದು ಮೇಜಿನವರಿಗೆ ಮಸಾಲೆ ಕಡಲೆಬೀಜದ ಎಣ್ಣೆ ಹತ್ತಿದ ಬೆರಳನ್ನು ನೊರೆಗೆ ಮುಟ್ಟಿಸಲು ಹೇಳಿ. ಅದು ಕಣ್ಣೆದುರೇ ಕುಸಿಯುತ್ತದೆ.

ಇಷ್ಟಾದ ಮೇಲೆ ಮೈಕ್ ಹಿಡಿದವರು ‘ವಿಕಿರಣಶೀಲ ಅಯೋಡಿನ್-131 ಕೂಡ ಹೀಗೇ ಕರಗುತ್ತದೆ, ಅದು ಅರ್ಧವಾಗಲು ಹಿಡಿಯುವ ಹೊತ್ತು, ಅಂದರೆ ಅರ್ಧಾಯು, 8 ದಿನ; ಹಳೆಯ ಮೂಳೆಗಳ ವಯಸ್ಸು ಹೇಳುವ ಕಾರ್ಬನ್-14ಕ್ಕೆ ಸುಮಾರು 5,730 ವರ್ಷ’ ಎಂದರೆ ಸಾಕು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ ‘ಅರ್ಧಾಯು’ ಎಂಬ ಪದ ಆಗ ಲೋಟದೊಳಗೆ ಕಾಣುತ್ತದೆ. ಹಾಳೆಯ ಮೇಲೆ ತಾವೇ ಬರೆದ ಅಂಕಿಗಳನ್ನು ಐವತ್ತು ದಾಟಿದವರೊಬ್ಬರು ಮಡಚಿ ಜೇಬಿಗಿಟ್ಟುಕೊಂಡು ಹೋದದ್ದನ್ನು ನಾನು ನೋಡಿದ್ದೇನೆ.

ಮರೆಯಬಾರದ ಸಣ್ಣಪುಟ್ಟವು

ಕುಡಿಯುವುದು ಕಡ್ಡಾಯವಲ್ಲ ಎಂದು ಆಹ್ವಾನದಲ್ಲೂ, ಶುರುವಿನಲ್ಲೂ ಹೇಳಿ. ನಿಂಬೆ ಸೋಡಾ, ಮಸಾಲೆ ಮಜ್ಜಿಗೆ ಪಟ್ಟಿಯಲ್ಲಿ ಇರುವಂತೆ ಮಾಲೀಕರ ಹತ್ತಿರ ಮೊದಲೇ ಮಾತಾಡಿ. ಟಿಕೆಟ್ ಇಟ್ಟರೆ ಅದರ ಹಣ ಊಟ-ಪಾನೀಯದ ಬಿಲ್ಲಿನಲ್ಲಿ ಕಳೆಯಲಿ. ಪೂರ್ತಿ ಉಚಿತ ಎಂದರೆ ಹೆಸರು ಕೊಟ್ಟವರಲ್ಲಿ ಅರ್ಧ ಜನ ಬರುವುದಿಲ್ಲ. ಮಾತಾಡುವವರಿಗೆ ಹೋಗಿಬರುವ ಖರ್ಚು ಕೊಡಿ, ಊಟ ಹಾಕಿಸಿ.

ಕೊನೆಯ ಮೆಟ್ರೊ, ಕೊನೆಯ ಬಸ್ಸಿಗೆ ಮುಕ್ಕಾಲು ಗಂಟೆ ಮೊದಲೇ ಮುಗಿಸಿ. ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯ ಇರುವಂತಿಲ್ಲ ಎನ್ನುತ್ತದೆ ಕಾನೂನು. ಒಂದೇ ಲೋಟಕ್ಕೂ ಕೆಲವರು ಅದನ್ನು ದಾಟಬಹುದು. ಗಾಡಿ ಮನೆಯಲ್ಲೇ ಬಿಟ್ಟು ಬನ್ನಿ ಎಂದು ಹೇಳಲು ಸಂಕೋಚ ಬೇಡ.

ನಿಮ್ಮ ಊರಿನಲ್ಲಿ ಬಾರು ಒಗ್ಗುವುದಿಲ್ಲವೇ? ಸಂಜೆ ಖಾಲಿ ಇರುವ ಖಾನಾವಳಿ, ಕಾಫಿ ಹೋಟೆಲು ಹಿಡಿಯಿರಿ. ಕಪ್ಪೆಯ ಕಥೆ ಫಿಲ್ಟರ್ ಕಾಫಿಗೂ ಒಗ್ಗುತ್ತದೆ.

ಒಂದು ನೋಟ್‌ಬುಕ್ ಇಡಿ. ಉತ್ತರ ಸಿಗದ ಪ್ರಶ್ನೆಗಳನ್ನೆಲ್ಲ ಅದರಲ್ಲಿ ಬರೆದು, ಮಾತಾಡಿದವರಿಗೆ ಮರುದಿನ ಕಳಿಸಿ, ಮುಂದಿನ ತಿಂಗಳ ಸಂಜೆಯನ್ನು ಅವರ ಉತ್ತರದಿಂದಲೇ ಶುರು ಮಾಡಿ. ಕುಂಬಾರ ಕಪ್ಪೆಯ ಸಂಜೆ ಎಲ್ಲರೂ ಎದ್ದು ಹೊರಟಾಗ, ಅಷ್ಟು ಹೊತ್ತೂ ನಮ್ಮ ಮೇಜುಗಳಿಗೆ ಓಡಾಡಿದ್ದ ಸಪ್ಲೈಯರ್ ಒಬ್ಬರು ಲೋಟ ಎತ್ತುತ್ತಾ ಕೇಳಿದರು: ‘ಅಷ್ಟು ಮಳೆ ಬೀಳೋ ಕಡೆ ಮೆತ್ತಿದ ಮಣ್ಣು ತೊಳ್ಕೊಂಡು ಹೋಗಲ್ವಾ ಸಾರ್?’ ಮಾತಾಡಲು ಬಂದಿದ್ದ ಹುಡುಗಿ ಚೀಲ ಹೆಗಲಿಂದ ಇಳಿಸಿ ಮತ್ತೆ ಕುರ್ಚಿ ಎಳೆದುಕೊಂಡು ಕೂತಳು. ನೋಟ್‌ಬುಕ್ಕಿನಲ್ಲಿ ಆ ಪ್ರಶ್ನೆಯನ್ನು ತಾನೇ ಬರೆದುಕೊಂಡಳು. ಮುಂದಿನ ತಿಂಗಳು ಸಂಜೆ ಶುರುವಾದದ್ದು ಅದರಿಂದಲೇ. ಅದು ಮುಗಿಯುವ ತನಕ ಅವರು ಟ್ರೇ ಕೆಳಗಿಟ್ಟು ಗೋಡೆಗೊರಗಿ ನಿಂತಿದ್ದರು, ಮ್ಯಾನೇಜರ್ ಕರೆಯಲಿಲ್ಲ.