ಗೆಜ್ಜೆ ಬಿಚ್ಚಿಸಲು ಹೋದ ನನ್ನ ಸಂಶೋಧನೆ

ಮೊದಲ ವರ್ಷ ನಾನು ಹಂತಿ ಪದಗಳನ್ನು, ಅಂದರೆ ಎತ್ತುಗಳಿಂದ ತೆನೆ ತುಳಿಸುವಾಗ ಹಾಡುವ ಹಾಡುಗಳನ್ನು, ರೆಕಾರ್ಡ್ ಮಾಡಿದ್ದು ಗುಡಿಯ ಕಟ್ಟೆಯ ಮೇಲೆ. ತಾಳಿಕೋಟೆ ಕಡೆಯ ಒಂದು ಊರು. ನಾಲ್ಕು ಜನ ಅಜ್ಜಂದಿರು, ಒಂದು ರೆಕಾರ್ಡರ್, ಎರಡೆರಡು ಸಲ ಚಹಾ. ಹಾಡು ಬಂತು. ಆದರೆ ಪ್ರತಿಯೊಂದೂ ನಾಲ್ಕೈದು ನುಡಿಗೆ ಮುಗಿದುಹೋಗುತ್ತಿತ್ತು. ‘ಮುಂದೆ?’ ಅಂದರೆ ‘ಇಷ್ಟ ನೋಡವ್ವಾ’ ಅನ್ನುತ್ತಿದ್ದರು. ಮರೆತಿದ್ದಾರೆ ಅಂದುಕೊಂಡೆ. ಪಿಎಚ್‌ಡಿಯ ಮೊದಲ ವರದಿಯಲ್ಲಿ ಹಾಗೇ ಬರೆದೂ ಕೊಟ್ಟೆ. ಈಗ ಆ ಪುಟ ತೆರೆಯೋಕೂ ನಾಚಿಕೆ.

ಹಂತಿ ನೋಡದವರಿಗೆ ಎರಡು ಮಾತು. ನೆಲವನ್ನು ಗಟ್ಟಿ ಮಾಡಿ, ಸಗಣಿ ಸಾರಿಸಿ ಕಣ ಮಾಡುತ್ತಾರೆ. ನಡುವೆ ಮೇಟಿ ಕಂಬ. ಸುತ್ತ ಜೋಳದ ತೆನೆ ಹರಡಿ, ಎತ್ತುಗಳನ್ನು ಸಾಲಾಗಿ ಒಂದಕ್ಕೊಂದು ಕಟ್ಟಿ, ಕಾಳು ಬಿಡಿಸಲು ತೆನೆಯ ಮೇಲೆ ತಿರುಗಿಸುತ್ತಾರೆ. ಹಿಂದೆ ನಡೆಯುವವರು ಹಾಡುತ್ತಾರೆ. ಒಬ್ಬರು ಹೇಳಿದ್ದನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ರಾತ್ರಿಯ ತಂಪಿನಲ್ಲಿ ನಡೆಯುವ ಕೆಲಸ. ಹಾಡಿಲ್ಲದಿದ್ದರೆ ಮನುಷ್ಯರಿಗೂ ನಿದ್ದೆ, ಎತ್ತಿಗೂ ನಿದ್ದೆ.

ಹಾಡಿಗೂ ನೆಲಕ್ಕೂ ಇರುವ ನಂಟನ್ನು ಹುಡುಕುವ ಓದಿಗೆ ಹೊರಗಡೆ ಇಕೋಮ್ಯೂಸಿಕಾಲಜಿ ಅನ್ನುತ್ತಾರೆ. ಅಮೆರಿಕದ ಸಂಶೋಧಕ ಸ್ಟೀವನ್ ಫೆಲ್ಡ್ 1970ರ ದಶಕದಲ್ಲಿ ಪಪುವಾ ನ್ಯೂಗಿನಿಯ ಬೊಸಾವಿ ಕಾಡಿಗೆ ಹೋಗಿ ಕಲುಲಿ ಜನರ ಜೊತೆ ಇದ್ದರು. ಅವರ ಹಾಡಿನಲ್ಲಿ, ಅಳುವಿನಲ್ಲಿ ಕೂಡ ಕಾಡಿನ ಹಕ್ಕಿಗಳ ದನಿ ಹೇಗೆ ಸೇರಿಕೊಂಡಿದೆ ಅಂತ ತೋರಿಸಿದರು. ಅಷ್ಟು ದೂರ ಯಾಕೆ, ನಮ್ಮ ವಿಜಯಪುರ ಜಿಲ್ಲೆಯಲ್ಲೇ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು 1930ರ ಹೊತ್ತಿಗೇ ಹೆಂಗಸರ ಬೀಸುವ ಹಾಡುಗಳನ್ನು ಕೇಳಿ ಬರೆದುಕೊಂಡಿದ್ದರು. ಇದನ್ನೆಲ್ಲ ಓದಿಯೂ ನಾನು ಕಟ್ಟೆಯ ಮೇಲೆ ಕೂತೆ ನೋಡಿ!

ಎರಡನೇ ವರ್ಷ ಒಬ್ಬ ಅಜ್ಜ ಕರೆದರು. ಬೀಜಕ್ಕೆ ಅಂತ ಒಂದಿಷ್ಟು ಮಾಲದಂಡಿ ಜೋಳದ ತೆನೆ ತೆಗೆದಿಟ್ಟಿದ್ದರು. ಅದನ್ನು ಮಷೀನಿಗೆ ಹಾಕದೆ ಹಂತಿ ಕಟ್ಟುತ್ತೇನೆ, ಬಾ ಅಂದರು. ಎತ್ತು ಸಾಲಲಿಲ್ಲ, ಪಕ್ಕದ ಹೊಲದವರಿಂದ ಎರಡು ತಂದರು. ನಾನು ಚಪ್ಪಲಿ ಹೊರಗೆ ಬಿಟ್ಟು ಕಣದೊಳಗೆ ಹೋದೆ. ಅಜ್ಜನ ಅಂಗಿಗೆ ಸಣ್ಣ ಮೈಕ್ ಸಿಕ್ಕಿಸಿದೆ, ಗಾಳಿ ಸದ್ದು ಬಾರದ ಹಾಗೆ ತುಪ್ಪಳದ ಕವರ್ ಹಾಕಿದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಬರೀ ಘಲ್ ಘಲ್! ಹಾಡಿನ ಒಂದು ಪದವೂ ತಿಳಿಯುತ್ತಿಲ್ಲ.

‘ಅಜ್ಜಾ, ಎತ್ತಿನ ಗೆಜ್ಜಿಸರ ಸ್ವಲ್ಪ ಬಿಚ್ಚೋಣೇನ್ರಿ? ದನಿ ಸ್ವಚ್ಛ ಬರ್ತದ.’

ಅಜ್ಜ ನಕ್ಕರು. ‘ಗೆಜ್ಜಿ ಬಿಚ್ಚಿದ್ರ ಎತ್ತು ನಡಿಯೂದಿಲ್ಲ ತಂಗಿ. ಎತ್ತು ನಡೀಲಿಲ್ಲಂದ್ರ ನಾ ಏನ್ ಹಾಡ್ಲಿ?’

ಗೆಜ್ಜೆ ಹಾಗೇ ಇತ್ತು, ರಾತ್ರಿ ಪೂರ್ತಿ. ಬೆಳಗಾಗುವ ಹೊತ್ತಿಗೆ ಕಟ್ಟೆಯ ಮೇಲೆ ಹಾಡು ಯಾಕೆ ನಿಲ್ಲುತ್ತಿತ್ತು ಅಂತ ಗೊತ್ತಾಯಿತು. ಹಂತಿ ಪದಕ್ಕೆ ತನ್ನದೇ ಕೊನೆ ಅಂತ ಇಲ್ಲ. ತೆನೆಯಿಂದ ಕಾಳು ಬಿಡುವವರೆಗೆ ಅದು ನಡೆಯುತ್ತದೆ. ಎತ್ತು ನಿಧಾನವಾದರೆ ಸೊಲ್ಲು ಎಳೆಯುತ್ತಾರೆ. ಮೇಟಿಯ ಪಕ್ಕದ ಎತ್ತಿಗೆ ಸಣ್ಣ ಸುತ್ತು, ಹೊರಗಿನ ಎತ್ತಿಗೆ ದೊಡ್ಡ ಸುತ್ತು. ಹೊರಗಿನದು ಹಿಂದೆ ಬಿದ್ದರೆ ನುಡಿಯ ನಡುವೆಯೇ ಒಂದು ‘ಹೋ’ ಬೀಳುತ್ತದೆ. ಮತ್ತೆ ಅಲ್ಲಿಂದಲೇ ಹಾಡು ಶುರು. ನಾನು ಕಲಿತ ಹಿಂದೂಸ್ತಾನಿ ತಾಳದಲ್ಲಿ ಇದನ್ನು ಬರೆಯೋಕೆ ಹೋಗಿ ಕೈ ಸೋತೆ. ಕೊನೆಗೆ ತಾಳದ ಗುರುತು ಬಿಟ್ಟು ಎತ್ತಿನ ಸುತ್ತು ಎಣಿಸಿದೆ. ಆಗ ಹಾಡು ಕಾಗದದ ಮೇಲೆ ಕೂತಿತು.

ತೂರಿದ ಮೇಲೆ ರಾಶಿ ಪೂಜೆ. ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ. ಆಮೇಲೆ ಎರಡು, ಮೂರು.

ಅಲ್ಲಿಂದ ನನ್ನ ಕೆಲಸದ ದಾರಿಯೇ ಬದಲಾಯಿತು. ಹಾಡಿನ ಪಟ್ಟಿ ಬಿಟ್ಟೆ. ಈ ಹಾಡು ಇರಬೇಕಾದರೆ ಇನ್ನೇನೇನು ಇರಬೇಕು ಅಂತ ಅಜ್ಜನ ಜೊತೆ ಬದು ಹಿಡಿದು ನಡೆಯುತ್ತಾ ಕೇಳಿದೆ. ಮೊದಲು ಎರೆ ನೆಲ ಬೇಕು. ಹಿಂಗಾರಿಯಲ್ಲಿ ಅದು ಹಿಡಿದಿಟ್ಟ ಹಸಿಯಲ್ಲೇ ಜೋಳ ಬೆಳೆಯಬೇಕು. ನಮ್ಮ ಡೋಣಿ ನದಿಯ ಬಯಲಿನ ಬಗ್ಗೆ ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ಜೋಳ ಎತ್ತರ ಬೆಳೆದರೆ ಕಣಕಿ, ಅಂದರೆ ದನ ತಿನ್ನುವ ಒಣ ದಂಟು, ಜಾಸ್ತಿ. ಕಣಕಿ ಇದ್ದರೆ ಎತ್ತು. ಎತ್ತಿದ್ದರೆ ಹಂತಿ. ಈಗ ಆಲಮಟ್ಟಿಯ ನೀರು ಕಾಲುವೆಯಲ್ಲಿ ಬಂದ ಕಡೆ ಕಬ್ಬು ಬಂದಿದೆ. ಕಬ್ಬಿಗೆ ಕಣವೇ ಬೇಡ. ಉಳಿದ ಜೋಳಕ್ಕೆ ರಾಶಿ ಮಷೀನು ಬರುತ್ತದೆ. ಅಂದರೆ ಹಾಡು ಹೋದದ್ದು ಅಜ್ಜನ ತಲೆಯಿಂದಲ್ಲ, ಹೊಲದಿಂದ.

ಇದನ್ನು ಹೇಳಿದಾಗ ಒಬ್ಬ ಹಿರಿಯ ಪ್ರಾಧ್ಯಾಪಕರು ‘ಇದು ಸಂಗೀತವೋ, ಕೃಷಿಯೋ? ಯಾವ ವಿಭಾಗಕ್ಕೆ ಕಳಿಸೋಣ?’ ಅಂದರು. ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಿದೆ. ಒಂದು ಆ ಊರಿನ ಬೆಳೆ ಬದಲಾದದ್ದು, ಇನ್ನೊಂದು ಹಾಡುವವರು ಕೊನೆಯ ಸಲ ಹಂತಿ ಹೊಡೆದ ವರ್ಷ. ಅವರು ಸುಮ್ಮನಾದರು. ಒಪ್ಪಿದರೋ ಇಲ್ಲವೋ, ಈಗಲೂ ಗೊತ್ತಿಲ್ಲ.

ಹಂತಿ ಮತ್ತೆ ಬರಲಿ ಅಂತ ನಾನು ಹೇಳುವುದಿಲ್ಲ. ಅಜ್ಜನ ಮಗ ನೇರವಾಗಿ ಕೇಳಿದ: ‘ರಾತ್ರಿಯೆಲ್ಲ ಎತ್ತಿನ ಹಿಂದ ಯಾರ್ ತಿರಗ್ಬೇಕ್ರಿ ಅಕ್ಕಾ, ನೀವ್ ತಿರಗ್ತೀರೇನು?’ ನಾನು ಒಂದೇ ರಾತ್ರಿ ತಿರುಗಿ ಎರಡು ದಿನ ಮಲಗಿದ್ದೆ. ಉತ್ತರ ಕೊಡಲಿಲ್ಲ.

ರೆಕಾರ್ಡ್ ಮಾಡಿಕೊಂಡು ಹೊರಟುಬಿಡಬಾರದು ಅಂತ ಮೊದಲೇ ಮಾತಾಗಿತ್ತು. ಯಾವ ಹಾಡು ಹೊರಗೆ ಕೇಳಿಸಬಹುದು, ಯಾವುದು ಬೇಡ, ಅದನ್ನು ಹಾಡಿದವರೇ ಹೇಳಿದರು. ಎರಡು ಪದ ‘ಊರ ಬಿಟ್ಟು ಹೊರಗ ಬ್ಯಾಡ’ ಅಂದರು, ಅವು ನನ್ನ ಪ್ರಬಂಧದಲ್ಲೂ ಇಲ್ಲ. ಉಳಿದದ್ದನ್ನು ಪೆನ್‌ಡ್ರೈವಿಗೆ ಹಾಕಿ, ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಕೊಡಲು, ಎಲ್ಲರೂ ಹೊಲಕ್ಕೆ ಬಂದಾಗ ಕೊಟ್ಟೆ. ಬನ್ನಿ ಮರದ ಕೆಳಗೆ ಸಜ್ಜೆ ಕಡುಬು, ಭಜ್ಜಿ ಪಲ್ಲೆ, ನಡುವೆ ನನ್ನ ಸಣ್ಣ ಸ್ಪೀಕರ್. ಅಜ್ಜ ತಮ್ಮ ದನಿ ಬಂದಾಗ ಕಡುಬು ಮುರಿಯುತ್ತಾ ಕೂತಿದ್ದರು. ಎಲ್ಲೋ ಒಂದು ಕಡೆ ಥಟ್ಟನೆ ತಲೆ ಎತ್ತಿದರು.

‘ತಡಿ, ತಡಿ. ಹಿಂದ ಹೋಗು. ಅದು ನಮ್ಮ ಹೊರಗಿನ ಎತ್ತಿನ ಗೆಜ್ಜಿ.’

ಆ ಎತ್ತನ್ನು ದೀಪಾವಳಿ ಮುಂದೆ ಮಾರಿದ್ದರು. ಹಿಂದಕ್ಕೆ ತಂದು ಮತ್ತೆ ಹಾಕಿದೆ. ಅಜ್ಜ ಮೂರು ಸಲ ಕೇಳಿದರು.